ಚಳಿಜ್ವರದ ಮೇಲೆ ನಾನು ಮಾಡಿದ ಭಾಷಣ

ಕಾರೇಕೊಪ್ಪಲು, ಕೊತ್ತತ್ತಿ ಮಾರ್ಗ,
ಮಂಡ್ಯ ತಾಲ್ಲೂಕು
೧೨-೯-೧೯೪೬, ಗುರುವಾರ

ನಂಜೂ,

ಮೇಲೆ ಒಂದು ಸಾಲು ಬರೆದು ಹೊಡೆದುಹಾಕಿರುವುದು ನಿನ್ನ ಕಣ್ಣಿಗೆ ಬಿದ್ದಿರುತ್ತದೆ. ‘ಸೌಭಾಗ್ಯವತಿ ಚಿಕ್ಕನಂಜಮ್ಮನಿಗೆ ಹುಚ್ಚೀರಯ್ಯ ಮಾಡುವ ಆಶೀರ್ವಾದ’ ಎಂದಿತ್ತು ಅದರಲ್ಲಿ. ಗಂಡಸರು ಹೆಂಡತಿಗೆ ಹಾಗೆ ಬರೆಯುವುದು ರೂಢಿ. ನಾನೂ ಇಷ್ಟು ವರ್ಷ ಹಾಗೆಯೇ ಬರೆದೆ. ಈ ಕಾಗದಕ್ಕೆ ಅದು ಹೊಂದಲಿಲ್ಲ, ಅದಕ್ಕೇ ಹೊಡೆದುಹಾಕಿದೆ.

ನೀನು ನಿಡಘಟ್ಟದಲ್ಲಿ ನಿಮ್ಮಣ್ಣ ಕರಿಯಪ್ಪನ ಮನೆ ಸೇರಿ ಬರುವ ಸಂಕ್ರಾಂತಿಗೆ ಏಳು ವರ್ಷ. ಅಲ್ಲಿಂದ ಇಲ್ಲಿಯವರೆಗೆ ನಾನು ಬರೆದದ್ದೆಲ್ಲ ಕಾರ್ಡು. ಮಳೆ ಬಂತು, ಎಮ್ಮೆ ಕರು ಹಾಕಿತು, ಅಷ್ಟೇ. ಇದು ಲಕೋಟೆ. ಒಬ್ಬಳೇ ಕೂತು ಓದು. ಅಕ್ಷರ ಕೂಡಿಸಿ ಓದುವುದನ್ನು ನಿನಗೆ ಕಲಿಸಿದವನು ನಾನೇ ಅಲ್ಲವೇ, ಇವತ್ತು ಅದರ ಫಲ ಉಣ್ಣುತ್ತೇನೆ.

ಸುಖವಾಗಿದ್ದೇನೆ. ಎರಡು ಹಲ್ಲು ಹೋಗಿವೆ, ಕನ್ನಡಕ ಬಂದಿದೆ. ಮುದ್ದೆ ನಾನೇ ತೊಳಸಿಕೊಳ್ಳುತ್ತೇನೆ, ದಿನವೂ ಗಂಟಾಗುತ್ತದೆ. ತಮ್ಮ ದೇವಯ್ಯನ ಮನೆಯಿಂದ ಮೊನ್ನೆಮೊನ್ನೆಯವರೆಗೆ ಸಾರು ಬರುತ್ತಿತ್ತು. ಸಭೆಯಲ್ಲಿ ಎದ್ದು ನಿಂತರೆ ಗಂಟಲು ಇನ್ನೂ ಗಟ್ಟಿಯಾಗಿದೆ.

ವಿಷಯಕ್ಕೆ ಬರುತ್ತೇನೆ. ಮಂಡ್ಯದ ಹಾಸ್ಟೆಲ್ ಮೇಷ್ಟರು ಶಿವಣ್ಣ ಮತ್ತು ಅವರ ಗೆಳೆಯರು ಸೇರಿ ನನಗೊಂದು ಸನ್ಮಾನ ಮಾಡಬೇಕೆಂದಿದ್ದಾರೆ. ಪ್ರಜಾಪ್ರತಿನಿಧಿ ಸಭೆಯಲ್ಲಿ ನನಗೆ ಹತ್ತೊಂಬತ್ತು ವರ್ಷವಾಯಿತಲ್ಲ, ಅದಕ್ಕೆ. ಜೊತೆಗೆ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸುತ್ತಾರಂತೆ. ನನ್ನ ಬಗ್ಗೆ ನಾನೇ ಬರೆದುಕೊಡಬೇಕು, ಅವರು ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ಹೊಗಳಿಕೆ ಕಡಿಮೆಯಾಗಿ ಅವರ ಹೆಸರು ಕೆಡಬಾರದೆಂದು ನಾನೂ ಧಾರಾಳವಾಗಿ ಆರು ಪುಟ ಬರೆದೆ.

ಹುಟ್ಟಿದ್ದು ಕಾರೇಕೊಪ್ಪಲಿನ ಕೇರಿಯಲ್ಲಿ. ಓದಿದ್ದು ಶಾಲೆಯ ಜಗಲಿಯ ಕೆಳಗೆ ಕೂತು. ಆಮೇಲೆ ಕೇರಿಯ ಮಕ್ಕಳಿಗೆ ಒಂಬತ್ತು ವರ್ಷ ಮೇಷ್ಟರು. ಇಪ್ಪತ್ತೇಳನೇ ಇಸವಿಯಲ್ಲಿ ಸರ್ಕಾರದವರು ನಮ್ಮ ಜನದ ಪರವಾಗಿ ಸಭೆಗೆ ನೇಮಿಸಿದರು. ಇಷ್ಟೆಲ್ಲ ಬರೆದೆ. ಮೊದಲ ಸಲ ಮೈಸೂರಿಗೆ ಹೊರಟಾಗ ನನಗೆ ರುಮಾಲು ಸುತ್ತಲು ಬಾರದೆ, ನೀನು ಮೊಣಕಾಲಿಗೆ ಸುತ್ತಿ ಸುತ್ತಿ ಕಲಿತು, ಆಮೇಲೆ ನನ್ನ ತಲೆಗಿಟ್ಟದ್ದನ್ನು ಬರೆಯಲಿಲ್ಲ.

‘ನಿಲುವುಗಳು’ ಎಂದು ಒಂದು ಭಾಗ ಇರಬೇಕಂತೆ. ಸರ್ಕಾರಿ ಬಾವಿಯಲ್ಲಿ ನಮ್ಮವರೂ ನೀರು ಸೇದಬೇಕು ಅಂದವನು ನಾನು. ಬಿಟ್ಟಿ ಚಾಕರಿ ನಿಲ್ಲಬೇಕು ಅಂದೆ. ಮಳವಳ್ಳಿಯಲ್ಲಿ ಕೇರಿಯ ಬಾಯಿಗೇ ಇಟ್ಟ ಹೆಂಡದ ಅಂಗಡಿ ಎತ್ತಿಸಿ, ಬದಲಿಗೆ ಹುಡುಗರಿಗೆ ಒಂದು ಹಾಸ್ಟೆಲ್ ಕೊಡಿ ಅಂದೆ. ಶಿವನಸಮುದ್ರದ ಕರೆಂಟು ಬೆಳಕವಾಡಿಯವರ ತಲೆಯ ಮೇಲೇ ಹಾದು ಎಲ್ಲೆಲ್ಲಿಗೋ ಹೋಗುತ್ತದೆ, ಅಲ್ಲಿನ ಕೇರಿಗೆ ನಾಲ್ಕು ದೀಪ ಹಾಕಿಸಿ ಎಂದು ಹನ್ನೊಂದು ವರ್ಷ ಕೇಳಿದೆ. ಪರಿಶೀಲಿಸಲಾಗುವುದು ಎಂದು ಹನ್ನೊಂದು ವರ್ಷವೂ ಉತ್ತರ ಬಂತು. ಆ ಉತ್ತರ ಓದಿ ಹೇಳಿದಾಗ ನೀನು ಅಂದದ್ದು ನೆನಪಿದೆಯೇ? “ಸರ್ಕಾರ್ದೋರು ಪರಿಸೀಲ್ಸೋ ಒತ್ಗೆ ಬೆಳಕ್ವಾಡಿನೋರ್ ಮೊಮ್ಮಕ್ಳು ಮುದುಕ್ರಾಗಿರ್ತಾರೆ ಬುಡು.”

ನಾನು ಕೇಳಿ ಗೆದ್ದದ್ದು ಒಂದೇ. ಅದೇ ನಮ್ಮೂರ ಅರ್ಧ ಮೈಲಿ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾಲೆ ಬಂದ ಹೊಸದರಲ್ಲಿ ಒಂದು ನಿಯಮವಿತ್ತು. ಊರಿನ ಸುತ್ತ ಅರ್ಧ ಮೈಲಿಯೊಳಗೆ ನೀರು ನಿಲ್ಲಿಸಿ ಭತ್ತ, ಕಬ್ಬು ಬೆಳೆಯಕೂಡದು, ನಿಂತ ನೀರಲ್ಲಿ ಸೊಳ್ಳೆ ಹುಟ್ಟಿ ಚಳಿಜ್ವರ ಬರುತ್ತದೆ ಎಂದು. ನೋಡಿದರೆ ಒಳ್ಳೆಯ ನಿಯಮವೇ. ಆದರೆ ಗೌಡರ ಜಮೀನೆಲ್ಲ ದೂರದಲ್ಲಿ ನಾಲೆಯ ಪಕ್ಕ, ನಮ್ಮ ಕೇರಿಯವರ ತುಂಡು ಭೂಮಿಗಳೆಲ್ಲ ಊರಿಗೆ ಅಂಟಿಕೊಂಡು. ಊರಿಗೆಲ್ಲ ನೀರು ಬಂದರೂ ನಮ್ಮ ಹೊಲ ಒಣಗಿಯೇ ಇತ್ತು. ನಾನು ಸಭೆಯಲ್ಲಿ ಗುದ್ದಾಡಿದೆ. ಮೂವತ್ತೇಳರಲ್ಲಿ ಕಾರೇಕೊಪ್ಪಲೊಂದಕ್ಕೆ ವಿನಾಯಿತಿ ಸಿಕ್ಕಿತು. ಅದನ್ನು ಕೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಮೊದಲ ಭತ್ತ ಬಂದ ದಿನ ನೀನು ಅನ್ನ ಮಾಡಿದೆ. ನಮ್ಮ ಮಗು ಪಟ್ಟಲಮ್ಮ ತಟ್ಟೆ ನೋಡಿ, “ಇವತ್ ಯಾವ ಅಬ್ಬ ಕಣವ್ವ?” ಅಂದಳು. ಹಬ್ಬವಿಲ್ಲದೆ ಅನ್ನ ಉಂಡವಳೇ ಅಲ್ಲ ಅವಳು. ಆಗ ಆರು ತುಂಬಿ ಏಳು.

ಎರಡು ವರ್ಷದ ಮೇಲೆ ಮಲೇರಿಯಾ ಡಾಕ್ಟರು ನಮ್ಮ ವಿನಾಯಿತಿ ವಾಪಸು ತೆಗೆಯಬೇಕೆಂದು ಬರೆದರು. ಮೂವತ್ತೊಂಬತ್ತರ ದಸರಾ ಅಧಿವೇಶನದಲ್ಲಿ ಅದು ಚರ್ಚೆಗೆ ಬಂತು. ಆ ದಿನದ ನನ್ನ ಭಾಷಣವನ್ನು ಪೂರ್ತಿ ಅಚ್ಚು ಹಾಕಿಸಬೇಕೆಂದು ಶಿವಣ್ಣನವರ ಆಸೆ. ಸಭೆಯ ನಡವಳಿಯಿಂದ ಪ್ರತಿ ಮಾಡಿಸಿ ನನ್ನ ಕೈಗೇ ಕೊಟ್ಟಿದ್ದಾರೆ. ನಾನು ಅಂದದ್ದು ಹೀಗಿದೆ: “ಡಾಕ್ಟರು ಸೊಳ್ಳೆ ಎಣಿಸಿದ್ದಾರೆ, ನಮ್ಮ ಹಸಿವನ್ನು ಯಾರೂ ಎಣಿಸಿಲ್ಲ. ಕಾರೇಕೊಪ್ಪಲಿನಲ್ಲಿ ಭತ್ತ ನಾಟಿಯಾಗಿ ಎರಡು ವರ್ಷವಾಯಿತು. ಈ ಜ್ವರಕ್ಕೆ ನಮ್ಮಲ್ಲಿ ಒಂದು ಮಗುವೂ ಸತ್ತಿಲ್ಲ. ಸತ್ತಿದ್ದರೆ ಆ ಮಗುವಿನ ಹೆಸರು ಹೇಳಲಿ.” ಆಮೇಲೆ ಕಂಸದಲ್ಲಿ ‘ಕರತಾಡನ’ ಎಂದು ಹಾಕಿದ್ದಾರೆ.

ನಂಜೂ, ಆ ದಿನ ನೀನು ಕಳಿಸಿದ ತಂತಿ ನನಗೆ ಬೆಳಿಗ್ಗೆ ಒಂಬತ್ತಕ್ಕೇ ಸಿಕ್ಕಿತ್ತು.

ಇನ್ನೊಮ್ಮೆ ಓದಿಕೋ. ಸಂಜೆ ಸಿಕ್ಕಿತು ಎಂದು ನಿನಗೆ ಹೇಳಿದ್ದು ಸುಳ್ಳು. ದೇವಯ್ಯ ಮುಂಜಾನೆಯೇ ಮಂಡ್ಯಕ್ಕೆ ನಡೆದುಹೋಗಿ ಕೊಟ್ಟ ತಂತಿ ಹೊತ್ತಿಗೆ ಸರಿಯಾಗಿ ಬಂತು. ಮೈಸೂರಿನಲ್ಲಿ ನಾನು ಇಳಿದುಕೊಂಡಿದ್ದ ಹಾಸ್ಟೆಲಿನ ವಾರ್ಡನ್ ಇಂಗ್ಲಿಷ್ ಓದಿ, ಮಗಳಿಗೆ ಜ್ವರ ಜೋರು, ಕೂಡಲೇ ಬರಬೇಕಂತೆ ಎಂದು ಹೇಳಿದರು. ರೈಲು ಹಿಡಿದಿದ್ದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಅವಳ ಪಕ್ಕದಲ್ಲಿರುತ್ತಿದ್ದೆ. ನಮ್ಮ ವಿಷಯದ ಸರದಿ ಅವತ್ತೇ ಇತ್ತು. ಹೆಸರು ಕರೆದಾಗ ಸದಸ್ಯ ಇಲ್ಲದಿದ್ದರೆ ಅವನ ಮಾತು ಹೋದಂತೆಯೇ, ಯಾರೂ ಕಾಯುವುದಿಲ್ಲ. ಚಳಿಜ್ವರ ಬಂದು ಹೋಗುವುದು ನಮ್ಮ ಕೇರಿಯಲ್ಲಿ ಆಗಲೇ ಮಾಮೂಲಾಗಿತ್ತು. ಇದೂ ಹಾಗೆಯೇ, ಸಂಜೆ ಹೋದರಾಯಿತು ಅಂದುಕೊಂಡೆ. ತಂತಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಸಭೆಗೆ ಹೋದೆ. ಜೇಬಿನಲ್ಲಿ ಅದನ್ನಿಟ್ಟುಕೊಂಡೇ ಎದ್ದು ನಿಂತು, ಹೆಸರು ಹೇಳಲಿ ಎಂದು ಸವಾಲು ಹಾಕಿದೆ.

ನಾನು ಹಾಗಂದಾಗ ಮಧ್ಯಾಹ್ನ ಹನ್ನೆರಡೂವರೆ. ಅವಳು ಹೋದದ್ದು ದೀಪ ಹಚ್ಚುವ ಹೊತ್ತಿಗೆ. ಆದ್ದರಿಂದ ನಾನು ಅಂದದ್ದು ಸುಳ್ಳಲ್ಲ, ಆ ಗಳಿಗೆಯಲ್ಲಿ ಅದು ನಿಜ. ಇಷ್ಟು ವರ್ಷ ಇದನ್ನೇ ನನಗೆ ನಾನು ಹೇಳಿಕೊಂಡು ಉಂಡು ಮಲಗಿದ್ದೇನೆ. ಹೇಸಿಗೆಯ ಬದುಕು.

ಇನ್ನೂ ಒಂದು ಇದೆ. ಭಾಷಣ ಮುಗಿದ ಮೇಲಾದರೂ ಹೊರಡಬಹುದಿತ್ತು, ಮೂರು ಗಂಟೆಗೆ ರೈಲಿತ್ತು. ವಿನಾಯಿತಿ ಹಾಗೆಯೇ ಇರಲಿ ಎಂದು ತೀರ್ಮಾನವಾದದ್ದೇ ತಡ, ಜನ ಬಂದು ಕೈ ಕುಲುಕಿದರು. ಬೇರೆ ದಿನ ನಾನು ಎದುರು ಬಂದರೆ ಶಲ್ಯ ಎಳೆದುಕೊಳ್ಳುತ್ತಿದ್ದ ದೊಡ್ಡ ದೊಡ್ಡ ಜಮೀನ್ದಾರರು ಅವರು. ಒಬ್ಬರು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಕಾಫಿ ತರಿಸಿದರು. ಆ ಕುರ್ಚಿಯಿಂದ ಏಳಲು ನನಗೆ ಮನಸ್ಸು ಬರಲಿಲ್ಲ. ಮೂರು ಗಂಟೆಯ ರೈಲು ಹೋಯಿತು.

ಮಾರನೆಯ ದಿನ ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ನೀನು ನನ್ನ ಕಾಲು ಹಿಡಿದುಕೊಂಡು, “ನಾನೇ ತಡ ಮಾಡ್ಬುಟ್ಟೆ ಕಣಯ್ಯ. ಮೂರ್ ದಿನ ಕಸಾಯ ಕುಡಿಸ್ಕಂಡು ಕುಂತ್ಬುಟ್ಟೆ. ಮೊದ್ಲೇ ತಂತಿ ಕೊಡ್ಸಿದ್ರೆ ಮಗ ಉಳೀತಿತ್ತು” ಎಂದು ಅತ್ತೆ. ಮಗು ಕೊನೆಯವರೆಗೂ, “ಅಪ್ಪ ಬತ್ತೀನಿ ಅಂದ್ನಾ?” ಎಂದು ಕೇಳುತ್ತಿತ್ತು ಅಂದೆ. ಆಗ ನಾನು ಬಾಯಿ ಬಿಡಬೇಕಾಗಿತ್ತು. ನಾನೇನು ಮಾಡಿದೆ ಗೊತ್ತಲ್ಲ, ನಿನ್ನನ್ನು ಕ್ಷಮಿಸಿದೆ. ಹತ್ತು ಜನರ ಎದುರಿಗೆ ನಿನ್ನ ತಲೆ ಸವರಿ, “ಓಗ್ಲಿ ಬುಡು ನಂಜಿ, ಯಾರೇನ್ ಮಾಡಾಕಾಯ್ತದೆ” ಅಂದೆ. ಎಂಥ ದೊಡ್ಡ ಮನಸ್ಸು ಎಂದು ಕೇರಿಯವರು ನನ್ನನ್ನು ಹೊಗಳಿದರು. ನೀನೂ ಹಾಗೆಯೇ ನಂಬಿದೆ. ಆ ಭಾರಕ್ಕೇ ನನ್ನ ಮುಖ ನೋಡಲಾರದೆ ನಿಡಘಟ್ಟಕ್ಕೆ ಹೊರಟುಹೋದೆ. ನೀನು ತಡ ಮಾಡಲಿಲ್ಲ ನಂಜೂ. ತಡ ಮಾಡಿದವನು ನಾನು. ಇದನ್ನು ಹೇಳುವುದಕ್ಕೂ ಏಳು ವರ್ಷ ತಡ ಮಾಡಿದೆ.

ಈಗ ಯಾಕೆ ಹೇಳುತ್ತಿದ್ದಾನೆ ಮುದುಕ ಅಂತ ನೀನು ಕೇಳಬಹುದು. ಯುದ್ಧ ಮುಗಿದರೂ ಧಾನ್ಯದ ಬರ ಮುಗಿದಿಲ್ಲ. ಎಲ್ಲ ಕಡೆ ಭತ್ತ ಬೆಳೆಯಿರಿ ಅನ್ನುತ್ತಿದ್ದಾರೆ. ಈ ದಸರಾ ಅಧಿವೇಶನದಲ್ಲಿ ಇನ್ನೂ ಹನ್ನೊಂದು ಊರಿಗೆ ನಮ್ಮೂರಿನಂಥದೇ ವಿನಾಯಿತಿ ಕೊಡುವ ಸೂಚನೆ ಬರುತ್ತದೆ. ಅದಕ್ಕೆ ಆಧಾರ ನನ್ನದೇ ಭಾಷಣ, ನಮ್ಮದೇ ಊರು. ಕಾರೇಕೊಪ್ಪಲಿನಲ್ಲಿ ಒಂಬತ್ತು ವರ್ಷದಿಂದ ಊರ ಅಂಚಿಗೇ ಭತ್ತವಿದೆ, ಜ್ವರಕ್ಕೆ ಒಬ್ಬರೂ ಸತ್ತ ದಾಖಲೆಯಿಲ್ಲ, ಇನ್ನೇನು ಹೆದರಿಕೆ ಎಂದು ಕೇಳುತ್ತಾರೆ. ಸೂಚನೆಯನ್ನು ಮಂಡಿಸಬೇಕಾದವನು ನಾನು. ಆ ಹನ್ನೊಂದು ಊರಿನಲ್ಲೂ ಹಾಸಿಗೆ ಹಿಡಿದು ಅಪ್ಪನನ್ನು ಕೇಳುವ ಮಕ್ಕಳು ಇದ್ದಾವೆ.

ನಾನು ಮಂಡಿಸುವುದಿಲ್ಲ. ಎದ್ದು ನಿಂತು, ಅವತ್ತು ಹೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಮ್ಮ ಕೇರಿಯವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ, ಅದು ಗೊತ್ತು. ದೇವಯ್ಯನಿಗೆ ಸುಳಿವು ಕೊಟ್ಟೆ. “ನೀನು ಮೈಸೂರ್ಗೋಗಿ ದೊಡ್ಡ ಮನ್ಸ ಆದೆ, ನಮ್ ಗದ್ದೆ ಒಣಗ್ಸೋಕೆ ನೀನ್ಯಾವನ್ಲಾ” ಅಂದ. ಅವತ್ತಿನಿಂದ ಸಾರು ಬಂದಿಲ್ಲ. ಶಿವಣ್ಣನವರಿಗೆ ಸನ್ಮಾನ ಬೇಡ ಎಂದು ಹೇಳಿ ಕಳಿಸಿದ್ದೇನೆ.

ಆದರೆ ನನ್ನ ಬಾಯಿಮಾತು ಸಾಲದು. ಹಿಂದೆ ಬರೆದ ಡಾಕ್ಟರೇ ಇದೇ ಇಪ್ಪತ್ತಮೂರು ಸೋಮವಾರ ಮಂಡ್ಯದ ಮುಸಾಫರಖಾನೆಗೆ ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿದ್ದು ನೋಡಿಕೊಂಡವರ ಬಾಯಿಂದಲೇ ಬರಬೇಕು ಅನ್ನುತ್ತಾರೆ. ನೀನು ಬಂದು, ನನ್ನ ಮಗಳು ಚಳಿಜ್ವರಕ್ಕೇ ಸತ್ತಳು, ಇಷ್ಟು ದಿನ ಮಲಗಿದ್ದಳು, ಹೀಗೆ ನಡುಗುತ್ತಿದ್ದಳು ಎಂದು ಹೇಳಬೇಕು. ನಿನ್ನ ಬಾಯಲ್ಲಿ ಅದನ್ನು ಹೇಳಿಸುವುದು ಎಂಥ ಪಾಪ ಎಂದು ನನಗೆ ಗೊತ್ತು. ನಿಡಘಟ್ಟದಲ್ಲಿ ಇದ್ದಿಲಿನಿಂದ ಓಡುವ ಬಸ್ಸು ಬೆಳಿಗ್ಗೆ ಎಂಟು ಗಂಟೆಗೆ ಸಿಗುತ್ತದೆ, ಕರಿಯಪ್ಪ ಜೊತೆಗೆ ಬರಲಿ. ನನ್ನ ಜೊತೆ ಮಾತಾಡಬೇಕಾಗಿಲ್ಲ. ಬೇಡವೆಂದರೆ ನಾನು ಆ ದಿನ ಎದುರಿಗೂ ಬರುವುದಿಲ್ಲ.

ನೀನು ನನ್ನನ್ನು ಕ್ಷಮಿಸು ಎಂದು ಬರೆಯಲು ಹೊರಟೆ, ಆಗಲಿಲ್ಲ. ಆ ಪದವನ್ನು ನಾನು ಒಮ್ಮೆ ನಿನ್ನ ಮೇಲೆ ಬಳಸಿ ಹಾಳುಮಾಡಿದ್ದೇನೆ.

ಮೂವತ್ತು ವರ್ಷದ ಹಿಂದೆ ನಿನ್ನ ಕೈ ಹಿಡಿದ
ಹುಚ್ಚೀರಯ್ಯ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ಮಾತು ಯಾಕೆ ಸಾಲದು ಎಂದು ನೀನು ಡಾಕ್ಟರ ಎದುರಿಗೆ ಕೇಳಿ ತಿಳಿಯುವುದಕ್ಕಿಂತ ನಾನೇ ಹೇಳುವುದು ವಾಸಿ. ಊರಿನ ಜನನ ಮರಣದ ಪುಸ್ತಕದಲ್ಲಿ ಪಟ್ಟಲಮ್ಮನ ಹೆಸರಿನ ಮುಂದೆ ‘ಹಾವು ಕಡಿದು’ ಎಂದಿದೆ. ನಾನು ಮೈಸೂರಿನಲ್ಲಿ ಅಷ್ಟು ದೊಡ್ಡದಾಗಿ ಹೇಳಿಬಂದದ್ದು ಮರುದಿನವೇ ಸುಳ್ಳಾಗಬಾರದೆಂದು ಶಾನುಭೋಗರಿಗೆ ಹೇಳಿ ಬರೆಸಿದೆ, ಕೆಳಗೆ ಸಾಕ್ಷಿ ಹಾಕಿದವನೂ ನಾನೇ. ಅವಳು ಹೋದ ಮೇಲೆ ಕೇರಿಯಲ್ಲಿ ಇನ್ನೂ ಒಂಬತ್ತು ಮಕ್ಕಳು ಚಳಿಜ್ವರದಲ್ಲಿ ಹೋದವು. ಒಂದು ಭೇದಿಯಾಗಿ, ಒಂದು ಮರದಿಂದ ಬಿದ್ದು, ಉಳಿದವು ಹುಟ್ಟಿನಿಂದಲೇ ನಿಶ್ಶಕ್ತಿ ಎಂದು ಪುಸ್ತಕದಲ್ಲಿದೆ. ಶಾನುಭೋಗರು ಪ್ರತಿ ಸಲವೂ ಪುಸ್ತಕ ಹಿಡಿದು ನಮ್ಮ ಕೇರಿಯ ಬಾಯಿಗೆ ಬಂದು, ಏನು ಬರೆಯಲಿ ಎಂದು ನನ್ನನ್ನು ಕೇಳಿಯೇ ಬರೆದರು.