ಯೋಸೇಫನ ಬಾಯಿಗೊಂದು ಮಾತು

ಫೆಬ್ರವರಿ 26, ಭಾನುವಾರ

ಯೋಸೇಫ ಇವತ್ತೂ ಬಾಯಿ ಬಿಡಲಿಲ್ಲ. ಬೈಬಲ್ಲಿನಲ್ಲೂ ಅವನಿಗೆ ಒಂದೇ ಒಂದು ಮಾತಿಲ್ಲ. ಮರಿಯಳ ಗಂಡ, ಬಡಗಿ, ಯೇಸುವನ್ನು ಸಾಕಿದವನು. ಮುಗಿಯಿತು. ಅಂಥವನ ಮೇಲೆ ಕಾದಂಬರಿ ಬರೆಯಲು ಹೊರಟಿದ್ದೇನೆ. ಅನುಭವಿಸಬೇಕು.

ಹೆಂಡತಿ ಗ್ರೀಟ್ ಬಟ್ಟೆ ಮಡಿಸುವುದನ್ನು ಬಿಟ್ಟು ಇದುವರೆಗಿನದನ್ನು ಓದಿ ಮುಗಿಸಿದಳು.

"ಏನೋ ಇದು? ನಿನ್ನ ಯೋಸೇಫ ತನ್ನ ಮನೆಗೇ ಬಾಗಿಲು ತಟ್ಟಿ ಬರ್ತಾನಲ್ಲ. ಬಾಡಿಗೆಗಿದ್ದಾನಾ?"

"ಸಂಕೋಚದ ಮನುಷ್ಯ ಕಣೇ."

"ಸಂಕೋಚ ಯೋಸೇಫನದೋ, ಲೀವೆನ್ ಅನ್ನೋ ನಿನ್ನದೋ?"

ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ಫೀನ್ ಕೋಣೆಗೆ ಹಾಲು ಒಯ್ಯುವಾಗ ನಾನೂ ಕೆಮ್ಮುತ್ತೇನೆ, ತಟ್ಟುತ್ತೇನೆ, ಕಾಯುತ್ತೇನೆ. ಗ್ರೀಟ್‌ಳ ಮಗಳು ಅವಳು. ನಾನು ಈ ಮನೆಗೆ ಬಂದಾಗ ಅವಳದಿನ್ನೂ ಹಲ್ಲು ಬೀಳುವ ವಯಸ್ಸು, ಈಗ ಹನ್ನೆರಡು. ವಾರ ಬಿಟ್ಟು ವಾರ ಗೆಂಟ್ ಊರಿನಲ್ಲಿರುವ ಅಪ್ಪ ಸ್ಟೆಫ್‌ನ ಮನೆಗೆ ಹೋಗುತ್ತಾಳೆ. ಸ್ಟೆಫ್ ಒಳ್ಳೆಯ ಮನುಷ್ಯ. ಅದೇ ತೊಂದರೆ.

ಮಾರ್ಚ್ 2

ಹೆದರಿದ್ದ ಅಧ್ಯಾಯಕ್ಕೆ ಬಂದೆ. ಹನ್ನೆರಡು ವರ್ಷದ ಹುಡುಗ ಯೆರೂಸಲೇಮಿನಲ್ಲಿ ಕಳೆದುಹೋಗಿ, ದೇವಾಲಯದಲ್ಲಿ ಸಿಗುತ್ತಾನೆ. "ನಿನ್ನ ಅಪ್ಪನೂ ನಾನೂ ಎಷ್ಟು ಹುಡುಕಿದೆವು" ಎನ್ನುತ್ತಾಳೆ ಮರಿಯ. ಹುಡುಗ ಹೇಳುವುದೇನು? "ನಾನು ನನ್ನ ತಂದೆಯ ಮನೆಯಲ್ಲಿರಬೇಕೆಂದು ನಿಮಗೆ ತಿಳಿಯದೇ?"

ಯೋಸೇಫ ಪಕ್ಕದಲ್ಲೇ ನಿಂತಿದ್ದಾನಲ್ಲಪ್ಪ! ಆ ಮಾತು ಕೇಳಿ ಏನಂದ?

ಒಮ್ಮೆ ಅವನಿಂದ ಉಪದೇಶ ಹೇಳಿಸಿದೆ. ಒಮ್ಮೆ ಗಳಗಳ ಅಳುವಂತೆ ಮಾಡಿದೆ. ಎರಡೂ ಸುಳ್ಳು. ಹರಿದು ಹಾಕಿದೆ.

ಮಾರ್ಚ್ 12, ಭಾನುವಾರ

ಈಗಷ್ಟೇ ಮನೆಗೆ ಬಂದು ಬರೆಯಲು ಕೂತೆ.

ಸಂಜೆ ಆಂಟ್‌ವರ್ಪ್ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆ, ಗೆಂಟ್ ಟ್ರೈನ್ ಬಂತು. ಫೀನ್ ಇಳಿಯಲಿಲ್ಲ. ಫೋನ್ ಸ್ವಿಚ್ ಆಫ್. ಸ್ಟೆಫ್‌ಗೆ ಫೋನ್ ಮಾಡಿದೆ. "ನಾನೇ ಹತ್ತಿಸಿದ್ದೀನಿ ಲೀವೆನ್, ನನ್ನ ಕೈಯಾರೆ!" ಅವನ ದನಿಯೂ ಒಡೆದಿತ್ತು. ಮೇಲಿನ ಪ್ಲಾಟ್‌ಫಾರ್ಮು, ಕೆಳಗಿನದು — ಎಲ್ಲ ಓಡಿದೆ. ಸ್ಟೇಷನ್ನಿನ ಹೆಂಗಸು ಕೇಳಿದಳು:

"ಹುಡುಗಿ ನಿಮಗೇನಾಗಬೇಕು?"

"ಮಗಳು!"

ಅಂದೆನೋ, ಅರಚಿದೆನೋ. ಸುತ್ತಲಿನವರು ತಿರುಗಿ ನೋಡಿದರು. ಆಕೆ ನಾಲ್ಕು ಕಡೆ ವಿಚಾರಿಸಿದಳು. ಹಿಂದಿನ ಸ್ಟೇಷನ್ ಬೆರ್ಕೆಮ್‌ನಲ್ಲಿ ಒಬ್ಬಳು ಕೂತಿದ್ದಾಳೆ ಎಂದು ಗೊತ್ತಾಯಿತು. ಟ್ಯಾಕ್ಸಿ ಹಿಡಿದೆ.

ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು ಮಹಾರಾಯ್ತಿ. ಪುಸ್ತಕದಲ್ಲಿ ಮುಳುಗಿ, ನಮ್ಮ ಸ್ಟೇಷನ್ ಬಂತೆಂದು ಅಲ್ಲೇ ಇಳಿದಿದ್ದಾಳೆ. ಫೋನಿನಲ್ಲಿ ಚಾರ್ಜ್ ಇಲ್ಲ.

"ಯಾಕಿಷ್ಟು ಏದುಸಿರು? ನಾನು ಇಲ್ಲೇ ಇರ್ತೀನಿ ಅಂತ ಗೊತ್ತಾಗಲಿಲ್ವಾ? ದಾರಿ ತಪ್ಪಿದ್ರೆ ಇದ್ದಲ್ಲೇ ಕೂತಿರು, ನಾನು ಬರ್ತೀನಿ ಅಂತ ನೀನೇ ಹೇಳಿದ್ದಲ್ವಾ ಲೀವೆನ್?"

ಬಯ್ಯಲೆಂದೇ ಬಾಯಿ ತೆರೆದೆ. ಬಂದದ್ದು ಮಾತ್ರ —

"ಏನಾದ್ರೂ ತಿಂದ್ಯಾ?"

"ಇಲ್ಲ. ಹೊಟ್ಟೆ ಚುರುಗುಟ್ತಿದೆ."

ಗ್ರೀಟ್‌ಗೂ ಸ್ಟೆಫ್‌ಗೂ ಸುದ್ದಿ ಮುಟ್ಟಿಸಿ, ಸ್ಟೇಷನ್ ಎದುರು ದೊಡ್ಡ ಪೊಟ್ಟಣ ಆಲೂಗಡ್ಡೆ ಫ್ರೈಸ್ ತೆಗೆದುಕೊಂಡೆವು. ಅರ್ಧಕ್ಕಿಂತ ಹೆಚ್ಚು ನಾನೇ ತಿಂದೆನಂತೆ. ಇರಬಹುದು.

ಮಾರ್ಚ್ 13, ಬೆಳಿಗ್ಗೆ

ಬರೆದೆ! ದೇವಾಲಯ. ಹುಡುಗ ಆ ಮಾತು ಹೇಳಿದ್ದಾನೆ. ಯೋಸೇಫ ಚೀಲದಿಂದ ರೊಟ್ಟಿ ತೆಗೆದು ಕೇಳುತ್ತಾನೆ: "ಏನಾದರೂ ತಿಂದೆಯಾ?" ಹುಡುಗ ಕೈ ಚಾಚುತ್ತಾನೆ.

ಅಷ್ಟೇ. ಗ್ರೀಟ್ ಓದಿ ಮೂಗೊರೆಸಿಕೊಂಡಳು. "ಅಂತೂ ಮನೆಯೊಳಗೆ ಬಂದ ನಿನ್ನ ಬಡಗಿ."

ಹಿಂದಿನ ಅಧ್ಯಾಯಗಳನ್ನೆಲ್ಲ ತಿದ್ದಬೇಕು. ತಿದ್ದುತ್ತೇನೆ, ಸಂತೋಷವಾಗಿ.

ಮಾರ್ಚ್ 19, ಭಾನುವಾರ

ಸಂತ ಯೋಸೇಫನ ಹಬ್ಬ. ನಮ್ಮ ಆಂಟ್‌ವರ್ಪ್‌ನಲ್ಲಿ ಅಪ್ಪಂದಿರ ದಿನವೂ ಇವತ್ತೇ; ಗೆಂಟ್‌ನವರಿಗೆ ಜೂನ್‌ನಲ್ಲಿ. ಶಾಲೆಯಲ್ಲಿ ಮಾಡಿದ ಉಡುಗೊರೆಯನ್ನು ಫೀನ್ ಪ್ರತಿ ವರ್ಷ ಸ್ಟೆಫ್‌ಗೆಂದು ಜೂನ್‌ವರೆಗೆ ಎತ್ತಿಡುತ್ತಿದ್ದಳು. ನಾನು ಕಂಡೂ ಕಾಣದಂತಿರುತ್ತಿದ್ದೆ.

ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೇ ನಿಂತಿದ್ದಾಳೆ. ತಟ್ಟೆಯಲ್ಲಿ ಸೀದ ಪ್ಯಾನ್‌ಕೇಕು, ಪಕ್ಕದಲ್ಲಿ ಅವಳೇ ಮಾಡಿದ ಸೊಟ್ಟ ಮಣ್ಣಿನ ಲೋಟ.

"ಅಪ್ಪನಿಗೆ ಜೂನ್ ಇದೆ. ಮಾರ್ಚ್ ಸುಮ್ನೆ ಖಾಲಿ ಬಿದ್ದಿತ್ತು. ನೀನು ತಗೋ."

ಎದ್ದು ಕೂತು ತಟ್ಟೆ ಇಸಿದುಕೊಂಡೆ. "ಸ್ಟೆಫ್ ಬೇಜಾರು ಮಾಡ್ಕೊಳ್ಳಲ್ವಾ?"

"ಅಪ್ಪಾನೇ ಹೇಳಿದ್ದು. ಸೊಟ್ಟಗಿದ್ರೆ ಲೀವೆನ್‌ಗೆ ಕೊಡು, ನೆಟ್ಟಗಿದ್ರೆ ನನಗಿಡು ಅಂತ!"

ಗ್ರೀಟ್ ಬಿದ್ದು ಬಿದ್ದು ನಕ್ಕಳು. ಪ್ಯಾನ್‌ಕೇಕನ್ನು ಸೀದದ್ದೂ ಸೇರಿಸಿ ತಿಂದೆ. ಲೋಟ ಸೋರುತ್ತದೆ, ಈ ಪುಟದ ಮೇಲಿರುವುದು ಅದರದ್ದೇ ಕಾಫಿ. ಇವತ್ತು ಯೋಸೇಫನ ಕೈಲಿ ಹಾಡು ಹೇಳಿಸಬೇಕೆಂದಿದ್ದೆ, ಆದರೆ ಫೀನ್ ಕೆಳಗಿನಿಂದ ಕೂಗುತ್ತಿದ್ದಾಳೆ. ಸೈಕಲ್ ಎರಡನ್ನೂ ಹೊರಗಿಟ್ಟಳಂತೆ, ನದಿಯ ಆಚೆ ದಡದವರೆಗೆ ರೇಸಂತೆ, ಸೋತವರು ಐಸ್‌ಕ್ರೀಮ್ ಕೊಡಿಸಬೇಕಂತೆ. ಬಂದೆ ಅಂದಿದ್ದೇನೆ, ಈ ಸಾಲು ಮುಗಿಸಿ —