ಮುನ್ನೂರು ಪದ್ಯ, ಒಂದೇ ಸಾಲು

ಮುವಾರ್, ಗುರುವಾರ

ಗೌರವಾನ್ವಿತ ಪಾಕ್ ರೊಸ್ಮಾನ್ ಅವರಿಗೆ ಸಲಾಂ.

ನೀವು ಮದುವೆಮನೆಗಳಲ್ಲಿ ಹಾಡುವ, ನಾನು ಟೈಪ್ ಮಾಡುತ್ತಿರುವ ಪಂತುನ್ ಪದ್ಯಗಳ ಪುಸ್ತಕ ಕ್ಷೇಮ. ಮುನ್ನುಡಿಯಂತೂ ಬಹಳ ಕ್ಷೇಮ. ಅದರ ಸಾಲುಗಳು ಅರ್ಧಕ್ಕೇ ಮುರಿದಿದ್ದವು. ಮುರಿದ ಜಾಗಗಳನ್ನೆಲ್ಲ ಹುಡುಕಿ ಅಲ್ಲೊಂದು ಸ್ಪೇಸ್ ಹಾಕೆಂದು ಕಂಪ್ಯೂಟರಿನ ಫೈಂಡ್-ರಿಪ್ಲೇಸ್‌ಗೆ ಅಪ್ಪಣೆ ಕೊಟ್ಟೆ. ಮುನ್ನುಡಿಗೆ ಮಾತ್ರ ಎನ್ನಲು ಮರೆತೆ. ಅದು ಮಹಾ ವಿಧೇಯ ಪ್ರಾಣಿ. ನಿಮ್ಮ ಮುನ್ನೂರು ಪಂತುನ್‌ಗಳ ನಾಲ್ಕು ನಾಲ್ಕು ಸಾಲುಗಳನ್ನೂ ಒಂದಾಗಿಸಿತು. ನಾನು ಸೇವ್ ಮಾಡಿ ಮುಚ್ಚುವವರೆಗೆ ಸುಮ್ಮನಿತ್ತು.

ಕರಡು ನೋಡಲು ಬಂದ ನಿಮ್ಮ ಮಗಳು ಸಲ್ಮಿಯಾ, “ಅಪ್ಪನ ಪದ್ಯಾನೆಲ್ಲ ರುಬ್ಬಿ ಸಂಬಾಲ್ ಚಟ್ನಿ ಮಾಡಿದ್ಯಲ್ಲೋ! ಇನ್ನು ಹೆಣ್ಣು ಕೇಳೋಕೆ ಬಾ, ವಿಚಾರಿಸ್ಕೋತಾರೆ!” ಎಂದಳು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದೊಂದನ್ನೂ ಗಟ್ಟಿಯಾಗಿ ಹಾಡಿ, ಪ್ರಾಸ ಬಿದ್ದಲ್ಲಿ ಸಾಲು ಕತ್ತರಿಸುತ್ತಿದ್ದೇನೆ. ಪಕ್ಕದ ಕಾಫಿ ಅಂಗಡಿಯವರು ಕಿಟಕಿ ಮುಚ್ಚಿದ್ದಾರೆ. ಇನ್ನೂರ ತೊಂಬತ್ತು ಮುಗಿದವು. ಉಳಿದ ಹತ್ತನ್ನು ಎಲ್ಲಿ ಕತ್ತರಿಸಬೇಕೋ ಎಷ್ಟು ಹಾಡಿದರೂ ತಿಳಿಯುತ್ತಿಲ್ಲ, ಅವಕ್ಕೆ ನಿಮ್ಮ ಕೈಬರಹದ ಪುಸ್ತಕ ಕಳಿಸಿ; ಸಲ್ಮಿಯಾಳ ಕೈಯಲ್ಲಾದರೆ ಅನುಕೂಲ.

ಅಂದಹಾಗೆ, ಗಂಡಿನ ಕಡೆಯವರನ್ನು ಬಾಗಿಲಲ್ಲಿ ತಡೆದು ನೀವು ಹಾಡುವ ಪಂತುನ್‌ಗಳೂ ಅವುಗಳ ಉತ್ತರಗಳೂ ಈಗ ನನಗೆ ಬಾಯಿಪಾಠ. ಭಾನುವಾರ ಅಮ್ಮನನ್ನು ಕರೆದುಕೊಂಡು ನಿಮ್ಮ ಬಾಗಿಲಿಗೆ ಬರುತ್ತೇನೆ. ದಯವಿಟ್ಟು ಆ ಹತ್ತರಲ್ಲಿ ಒಂದನ್ನೂ ಹಾಡಬೇಡಿ.

ನಿಮ್ಮ ಟೈಪಿಸ್ಟ್, ಸದ್ಯಕ್ಕೆ ಅಷ್ಟೇ,
ಜೆಫ್ರಿ