ಹಿಂದಿನ ಸೀಟಿನ ಕೊಂಡಿಗಳು

ಬೆಟಗೇರಿ
ಗುರುವಾರ, ೧೬ ಜನವರಿ ೨೦೨೫

ಪ್ರೀತಿಯ ನೀಲಾ,

ಓಡುವಾಗ ಉಳುಕಿದ ನಿನ್ನ ಕಾಲು ಈಗ ಹೆಂಗೈತಿ? ಪೊಲೀಸ್ ಟ್ರೇನಿಂಗ್ ಅಂದ್ರ ಪುರುಸೊತ್ತು ಇರೂದಿಲ್ಲ ಖರೆ, ಆದ್ರೂ ಸಂಜಿಕೆ ಬಿಸಿನೀರಾಗ ಕಾಲಿಟ್ಟು ಕುಂಡ್ರು. ಅವ್ವ ಸಂಕ್ರಮಣಕ್ಕ ಮಾದಲಿ ಮಾಡಿ ನಿನ್ನ ಹೆಸರು ಹೇಳಿ ಕಣ್ಣು ಒರಸಿಕೊಂಡ್ಳು. ನಾವೆಲ್ಲಾ ಆರಾಮ ಅಂತ ಬರಿಯೂ ಹಂಗಿಲ್ಲ. ಭಾನುವಾರ ಫೋನಿನ್ಯಾಗ ಶಿವಲಕ್ಷ್ಮಿಗೆ ಕುಲಾವಿ ಯಾಕ ಹಾಕೀರಿ ಅಂತ ಕೇಳಿದಿ, ಚಳಿ ಅಂದೆ. ಚಳಿಗಲ್ಲ ನೀಲಾ. ಮಗಳ ಹುಬ್ಬಿನ ಮ್ಯಾಲ ಮೂರು ಹೊಲಿಗಿ ಬಿದ್ದಾವು. ಕಣ್ಣಿಗೆ ಏನೂ ಆಗಿಲ್ಲ, ಡಾಕ್ಟರು ಎರಡು ಸಲ ನೋಡಿ ಹೇಳ್ಯಾರ. ಇದನ್ನ ಓದಿ ಮೊದಲ ಉಸಿರು ಬಿಡು, ಆಮ್ಯಾಲ ಮುಂದ ಓದು.

ಹೋಗೂ ಮುಂದ ನೀ ಒಂದ ಮಾತು ಹೇಳಿದ್ದಿ, "ಕೂಸಿನ ಸೀಟು ಕೊಂಡಿಗೆ ಹಾಕಲಾರದ ಗಾಡಿ ತಗೀಬ್ಯಾಡ್ರಿ." ಕೂಸಿನ ಸೀಟು ಸಿಗಿಸೂ ಕೊಂಡಿ ಎಲ್ಲೈತಿ ಅಂತ ನಾ ಕಾರಿನ ಹಿಂದಿನ ಸೀಟಿನ ಸಂದ್ಯಾಗ ಮೊಣಕೈತನಾ ಕೈ ಹಾಕಿ ಹುಡುಕಿದೆ. ಶೇಂಗಾ ಸಿಕ್ಕವು, ಮಗಳು ಕಳಕೊಂಡ ಬಳಿ ಸಿಕ್ತು, ಕೊಂಡಿ ಸಿಗಲಿಲ್ಲ. ನಮ್ಮ ಗಾಡಿಗೆ ಕೊಂಡೀನ ಕೊಟ್ಟಿಲ್ಲ ಅಂದುಕೊಂಡು, ಕೂಸಿನ ಸೀಟಿನ ಪಟ್ಟಿ ತಲಿದಿಂಬಿಗೆ ಸುತ್ತಿ, ಕೆಳಗ ಹಗ್ಗ ಹಾಕಿ, ಅಪ್ಪ ಚಕ್ಕಡ್ಯಾಗ ಚೀಲ ಬಿಗೀತಿದ್ದಂಗ ಬಿಗದೆ. ಶಾಣ್ಯಾ ಅನಿಸಿತ್ತು ನನಗ! ಹೋದ ಶುಕ್ರವಾರ ಶಿರಹಟ್ಟಿಗೆ ನಿಮ್ಮವ್ವನ್ನ ನೋಡಾಕ ಹೊಂಟಾಗ, ಮಾಗಡಿ ಕೆರಿ ಹತ್ರ ಎಮ್ಮಿ ಅಡ್ಡ ಬಂತು. ಬ್ರೇಕ್ ಒತ್ತಿದೆ. ತಲಿದಿಂಬು ಕಿತ್ತು ಬಂತು, ಕೂಸು ಸೀಟಿನ ಸಮೇತ ಮುಂದ ಮುಗ್ಗರಿಸಿತು. ಒಂದು ಗಳಿಗಿ ಆಕಿ ಅಳಲೇ ಇಲ್ಲ ನೀಲಾ. ಆ ಗಳಿಗ್ಯಾಗ ನಾ ಸತ್ತು ಹುಟ್ಟಿದೆ.

ಸೋಮವಾರ ಗಾಡಿ ಪುಸ್ತಕ ತಗದು, ಚಿತ್ರ ನೋಡಿಕೋತ ಮತ್ತ ತಡವಿದೆ. ಸೀಟಿನ ರೆಕ್ಸಿನ್ ಕವರಿನ ಕೆಳಗ ಏನೋ ಗಟ್ಟಿ ಹತ್ತಿತು. ಆ ಕವರ್ ಹೊಲದಾಂವ ದಾದಾಪೀರ. ಅವನ ಅಂಗಡಿಗೆ ಗಾಡಿ ಒಯ್ದು, ನಾಕು ಮಂದಿ ಎದುರಿಗೆ ಬಾಯಿಗೆ ಬಂದಂಗ ಬೈದೆ, "ಕಣ್ಣು ಎಲ್ಲಿಟ್ಟು ಹೊಲದಿಯೋ? ನನ್ನ ಮಗಳು ಹೋಗತಿದ್ಳಲ್ಲೋ!" ಅಂವಾ ಬ್ಲೇಡ್ ತಗೊಂಡು ಕವರ್ ಕೊಯ್ದ. ಒಳಗ ಪೆನ್ಸಿಲ್ ದಪ್ಪದ ಎರಡು ಕಬ್ಬಿಣದ ಕೊಂಡಿ. ಕೂಸಿನ ಸೀಟು ಒತ್ತಿದ್ರ ಎರಡೂ ಕಡೆ ಟಕ್ ಅಂತು, ಸರಿಯಾಗಿ ಕುಂತೈತಿ ಅನ್ನೂ ಹಸರ ಗುರ್ತು ಬಂತು. ಮ್ಯಾಲಿನ ಪಟ್ಟಿ ಹಾಕೂ ಕೊಂಡಿ ಡಿಕ್ಕಿಯೊಳಗ ಸೀಟಿನ ಬೆನ್ನಿಗೆ ಇತ್ತು. ಹಿಡದು ಜಗ್ಗಿದ್ರ ಗಾಡಿ ಅಳ್ಳಾಡಿತು, ಸೀಟು ಅಳ್ಳಾಡಲಿಲ್ಲ.

ಮುಂದಿನ ತಿಂಗಳು ನಿನ್ನ ಪರೇಡಿಗೆ ಮಗಳನ್ನ ಕರಕೊಂಡು ಬರಬೇಕಂತ ಭಾಳ ಆಸಿ ಐತಿ. ಆದ್ರ ಆಕಿನ್ನ ನನ್ನ ಕೈಯಾಗ ಕೊಡೂ ಧೈರ್ಯ ನಿನಗ ಇನ್ನ ಐತೋ ಇಲ್ಲೋ ಗೊತ್ತಿಲ್ಲ. ರೈಲಿಗೆ ಬರ್ರಿ ಅಂದ್ರ ರೈಲಿಗೆ ಬರ್ತೀವಿ. ನೀ ಹೂಂ ಅನ್ನುತನಾ ಗಾಡಿ ಕೀಲಿ ಅವ್ವನ ಕಡೆ ಇರ್ತೈತಿ.

ಅವ್ವ ಆಶೀರ್ವಾದ ಹೇಳ್ಯಾಳ. ಮಗಳು ಈ ಹಾಳಿಗೆ ಮುತ್ತು ಕೊಟ್ಟು ಒದ್ದಿ ಮಾಡ್ಯಾಳ.

ನಿನ್ನ,
ಫಕೀರೇಶ

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಹರದೆ. ಅರ್ಧಾ ಖರೆ ಬರದು ನಿನ್ನ ಹೂಂ ಕೇಳೂದು ಸರಿ ಅಲ್ಲ. ಮೂರು ವರ್ಷದ ಹಿಂದ, ಮಗಳು ಹುಟ್ಟೂಕಿಂತ ಮೊದಲ, ಕವರ್ ಹೊಲಿಯುವಾಗ ದಾದಾಪೀರ ಕೇಳಿದ್ದ, "ಅಣ್ಣಾ, ಇಲ್ಲಿ ಎರಡು ಕೊಂಡಿ ಅದಾವು, ತೂತು ಬಿಡ್ಲೇನು?" ಹೊಸಾ ಗಾಡಿ, ಸೀಟು ಚಂದ ಕಾಣ್ಲಿ, ಮುಚ್ಚಿ ಹೊಲಿ ಅಂದಾಂವ ನಾನ. ಮರತಿದ್ದೆ. ಅಂವಾ ಬ್ಲೇಡ್ ಹಿಡದು ನನ್ನ ಮಾರಿ ನೋಡಿದಾಗ ನೆನಪಾತು. ಆದ್ರೂ ಬೈಯೂದು ನಿಲ್ಲಿಸಲಿಲ್ಲ ನೀಲಾ.